ಬೇರೆಲ್ಲೂ ಇಲ್ಲದ ಸಾವು

"ಆಂಟಿ, ನಾನು ಸತ್ತುಹೋಗಿದ್ದೀನಂತೆ."

ಬಾಗಿಲಲ್ಲಿ ನಿಂತು ಹೀಗೆಂದವಳು ಮೇಲಿನ ಮಹಡಿಯ ಧಾರಿಣಿ. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್‌ಗೆ ಓದುತ್ತಿದ್ದ ದಾವಣಗೆರೆ ಹುಡುಗಿ. ಜಲಜಾ ಮೇಡಂ ಕಾಫಿ ಲೋಟ ಕೆಳಗಿಟ್ಟರು. ಮೇಡಂ ಕೇಂದ್ರ ಸರ್ಕಾರದ ವಿಜಿಲೆನ್ಸ್ ಅಧಿಕಾರಿಯಾಗಿದ್ದವರು. ನಾನು, ಗೋಪಾಲ, ಅವರ ಕೈಕೆಳಗಿನ ಗುಮಾಸ್ತ. ಇಬ್ಬರಿಗೂ ನಿವೃತ್ತಿಯಾಗಿತ್ತು, ಅವರ ಕಾಫಿಗೂ ನನ್ನ ಕುತೂಹಲಕ್ಕೂ ಆಗಿರಲಿಲ್ಲ.

ಧಾರಿಣಿ ಫೋನ್ ಚಾಚಿದಳು. ಯಾವುದೋ ಕನ್ನಡ ಸುದ್ದಿಪುಟ. 'ದೆಹಲಿಯಲ್ಲಿ ಕನ್ನಡದ ಯುವತಿ ಆತ್ಮಹತ್ಯೆ. ಕಾರಣ ಕೇಳಿದರೆ ಬೆಚ್ಚಿಬೀಳ್ತೀರಿ!' ಕೆಳಗೆ ಹಳದಿ ಸೀರೆಯುಟ್ಟು ನಗುತ್ತಿದ್ದ ಅವಳದೇ ಫೋಟೋ. ಫೋಟೋಗೆ ಅಂಟಿಕೊಂಡಂತೆ ಒಂದು ಕೋಚಿಂಗ್ ಸೆಂಟರಿನ ಜಾಹೀರಾತು. ನನ್ನ ಫೋನಿನಲ್ಲಿ ತೆರೆದರೆ ಅದೇ ಜಾಗದಲ್ಲಿ ಮಂಡಿನೋವಿನ ಎಣ್ಣೆ. ಮೇಡಂ ಫೋನಿನಲ್ಲಿ ತೀರ್ಥಯಾತ್ರೆಯ ಪ್ಯಾಕೇಜು. ಹೆಣ್ಣುಮಗಳ ಹೆಣ ಮಲಗಿಸಿ, ಸುತ್ತಲೂ ಯಾರ್ಯಾರಿಗೆ ಏನೇನು ಬೇಕೋ ಆ ಅಂಗಡಿ!

"ನಾನು ಲೈಬ್ರರಿಯಲ್ಲಿ ಫೋನ್ ಆಫ್ ಮಾಡಿ ಕೂತಿದ್ದೆ. ಆನ್ ಮಾಡೋಷ್ಟರಲ್ಲಿ ಅಪ್ಪ ರೈಲು ಹತ್ತಿಬಿಟ್ಟಿದ್ರು," ಎಂದಳು ಧಾರಿಣಿ. "ಬದುಕಿದ್ದೀನಿ ಅಂದ್ರೂ ಬಿಡ್ತಿಲ್ಲ. ನಿನ್ನ ಮೇಲೆ ಇಷ್ಟು ಹಗೆ ಇರೋ ಊರಲ್ಲಿ ಇಡಲ್ಲ, ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ. ಮುಂದಿನ ತಿಂಗಳು ನನ್ನ ಮೇನ್ಸ್ ಪರೀಕ್ಷೆ, ಆಂಟಿ."

"ಈ ಫೋಟೋ ಯಾರ ಹತ್ತಿರ ಇತ್ತು?" ಎಂದರು ಮೇಡಂ.

"ಮೂವರಿಗೇ ಕಳಿಸಿದ್ದು. ರೂಮ್‌ಮೇಟ್ ಹರ್ಷಿಣಿ, ಘಾಜಿಯಾಬಾದಿನಲ್ಲಿರೋ ಕಸಿನ್ ಅಭಿಷೇಕ್, ಆಮೇಲೆ ಮಹಂತೇಶಣ್ಣ."

ಹರ್ಷಿಣಿಯನ್ನು ಮೊದಲು ಕರೆಸಿದೆವು. ಅವಳ ಫೋನಿನಲ್ಲಿ ಆ ಪುಟದ ತುಂಬ ಕುಕ್ಕರುಗಳು.

"ನಂದೂ ಒಂದು ಅಡುಗೆ ವೆಬ್‌ಸೈಟ್ ಇತ್ತು ಆಂಟಿ," ಎಂದಳು. "ಮಗಳಿಗೆ ನಾಲ್ಕು ಕಾಸು ಬರಲಿ ಅಂತ ಅಮ್ಮ ದಿನಾ ಕೂತು ಅದರ ಜಾಹೀರಾತು ಒತ್ತಿದ್ರು. ಸ್ವಂತದವರೇ ಒತ್ತಿದ್ದು ಅಂತ ಜಾಹೀರಾತು ಕಂಪನಿ ನನ್ನನ್ನ ಹೊರಗೆ ಹಾಕ್ತು. ಈಗಂತೂ ಬಹುತ್ ಸ್ಟ್ರಿಕ್ಟ್. ಬೇರೆ ಕಡೆಯಿಂದ ಕದ್ದು ತುಂಬಿಸಿದ ಸೈಟುಗಳನ್ನೂ ಗುಡಿಸಿ ಹಾಕ್ತಿದ್ದಾರೆ."

ಅವಳು ಹೋದಮೇಲೆ ನಾನು, "ಸಿಕ್ಕಳು ಕಳ್ಳಿ!" ಎಂದೆ.

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ, ಗೋಪಾಲ," ಎಂದರು ಮೇಡಂ.

ಅಭಿಷೇಕ್ ಮೆಟ್ರೋ ಹಿಡಿದು ಬಂದ. ಅವನ ಫೋನಿನಲ್ಲಿ ಬೈಕುಗಳು, ಬೈಕಿನ ಸಾಲಗಳು. ಪಾಪ, ಮಾತಾಡುವ ಮೊದಲೇ ಅತ್ತುಬಿಟ್ಟ.

ಮಹಂತೇಶ್ ತಾನಾಗಿಯೇ ಬಂದ, ಕೈಯಲ್ಲಿ ಬಾಳೆಹಣ್ಣು ಹಿಡಿದು. ಕೋಚಿಂಗಿನ ಇನ್ನೊಂದು ಬಡಾವಣೆ ಮುಖರ್ಜಿ ನಗರದಲ್ಲಿ ಕೆಲವು ವರ್ಷ, ಇಲ್ಲಿ ಕೆಲವು ವರ್ಷ ಐಎಎಸ್ ಪರೀಕ್ಷೆ ಬರೆದು ಸೋತವನು. ಊರಿನ ಮಕ್ಕಳಿಗೆಲ್ಲ ಅಣ್ಣ. ಧಾರಿಣಿಯ ಅಪ್ಪ ಶಂಕರಪ್ಪನವರು ಮಗಳನ್ನು ಒಪ್ಪಿಸಿ ಹೋಗಿದ್ದೇ ಇವನಿಗೆ.

"ನೋಡಿ ಮೇಡಂ, ಎಂಥ ಹೊಲಸು ಜನ!" ಎಂದು ಆ ಪುಟ ತೆಗೆದು ತೋರಿಸಿದ. ಸುದ್ದಿ, ಫೋಟೋ, ನಡುನಡುವೆ ಬಿಳಿ ಜಾಗ. ಎಣ್ಣೆ, ಕುಕ್ಕರ್ ಯಾವುದೂ ಇಲ್ಲದೆ ನನ್ನ ಕಣ್ಣಿಗೆ ಎಷ್ಟೋ ಸಮಾಧಾನವಾಯಿತು. ಮೇಡಂ ಹಣ್ಣು ಮುಟ್ಟಲಿಲ್ಲ.

ಶಂಕರಪ್ಪನವರು ಬಂದ ದಿನ ಮೇಡಂ ಎಲ್ಲರನ್ನೂ ತಮ್ಮ ಹಾಲ್‌ನಲ್ಲಿ ಕೂರಿಸಿದರು. ಬಾಗಿಲ ಬಳಿ ಧಾರಿಣಿಯ ಕಟ್ಟಿದ ಬ್ಯಾಗು.

"ಮಹಂತೇಶ್, ಫೋನಿನಲ್ಲಿ ಯಾವುದಾದರೂ ಕ್ರಿಕೆಟ್ ಪುಟ ತೆಗೀರಿ."

ತೆಗೆದ. ಜಾಹೀರಾತುಗಳ ಸಂತೆ ನೆರೆಯಿತು.

"ಈಗ ಧಾರಿಣಿಯ ಪುಟ."

ಮಹಂತೇಶನ ಬೆರಳು ನಿಂತಿತು. ಅಭಿಷೇಕ್ ಫೋನ್ ಕಿತ್ತುಕೊಂಡು ತೆರೆದ. ಬರೀ ಬಿಳಿ ಜಾಗ.

"ಎಲ್ಲ ಕಡೆ ಜಾಹೀರಾತು ಬರೋ ಫೋನಿನಲ್ಲಿ ಈ ಒಂದು ಪುಟಕ್ಕೆ ಮಾತ್ರ ಜಾಹೀರಾತು ಬರದ ಹಾಗೆ ತಡೆ ಹಾಕಿದೆ," ಎಂದರು ಮೇಡಂ. "ತನ್ನ ಪುಟದ ಜಾಹೀರಾತು ತಾನೇ ಒತ್ತಿದರೆ ಕಂಪನಿ ಹೊರಗೆ ಹಾಕುತ್ತೆ ಅಂತ ಹರ್ಷಿಣಿ ಹೇಳಿದ್ದಳು. ಕೈತಪ್ಪಿ ಬೆರಳು ತಗುಲೀತು ಅನ್ನೋ ಭಯ ಓದೋರಿಗೆ ಯಾಕಿರುತ್ತೆ? ಪುಟದ ಯಜಮಾನನಿಗಿರುತ್ತೆ. ಹರ್ಷಿಣಿ, ಅಭಿಷೇಕ್ ಇಬ್ಬರ ಫೋನಲ್ಲೂ ಧಾರಾಳವಾಗಿ ಬಂದಿತ್ತು."

"ನನ್ನ ಮಗಳ ಮೇಲೆ ನಿನಗೇನು ಹಗೆ?" ಶಂಕರಪ್ಪನವರು ಮಹಂತೇಶನನ್ನು ಕೇಳಿದರು.

"ಹಗೆ ಇಲ್ಲ, ಶಂಕರಪ್ಪನವರೇ," ಎಂದರು ಮೇಡಂ. "ಇದ್ದಿದ್ದರೆ ಇಷ್ಟು ಅಸಹ್ಯ ಆಗ್ತಿರಲಿಲ್ಲ. ಕದ್ದ ಸುದ್ದಿ ಹಾಕಿದ ಸೈಟುಗಳಿಗೆ ಈಗ ಜಾಹೀರಾತು ಕೊಡಲ್ಲ. ಹಾಗಾಗಿ ಇವನಿಗೆ ಬೇರೆಲ್ಲೂ ಇಲ್ಲದ ಸಾವು ಬೇಕಿತ್ತು, ಬೇರೆಲ್ಲೂ ಇಲ್ಲದ ಮುಖ ಬೇಕಿತ್ತು. ಕೈಗೆಟುಕುವ ಹಾಗೆ ನಿಮ್ಮ ಮಗಳಿದ್ದಳು."

"ಹೆಸರು ಹಾಕಿರಲಿಲ್ಲ ಮೇಡಂ," ಮಹಂತೇಶ್ ಗೊಣಗಿದ. "ನನ್ನ ಹಳೇ ಸೈಟುಗಳೆಲ್ಲ ಹೋಗಿದ್ವು. ಸ್ವಲ್ಪ ದಿನ ಬಿಟ್ಟು ತೆಗೀತಿದ್ದೆ."

ಧಾರಿಣಿಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟ ಕೈಯೇ ಅವಳ ಸಾವನ್ನೂ ಬರೆದಿತ್ತು. ಥೂ! ಅಂಥವನ ಜೊತೆ ಒಂದೇ ಸೋಫಾದಲ್ಲಿ ಕೂತಿದ್ದಕ್ಕೇ ನನಗೆ ಸ್ನಾನ ಮಾಡಬೇಕೆನಿಸಿತು.

ಶಂಕರಪ್ಪನವರು ಅವನ ಕಡೆ ತಿರುಗಿದರು. "ರೈಲಲ್ಲಿ, ಇವಳ ಫೋನ್ ಸಿಗೋವರೆಗೂ, ಆ ಪುಟ ತೆಗೆದು ತೆಗೆದು ನೋಡ್ತಿದ್ದೆ. ಮುಖ ಇನ್ನೊಂದು ಸಲ ನೋಡೋಣ ಅಂತ. ಪ್ರತಿ ಸಲಕ್ಕೂ ನಿನಗೆ ದುಡ್ಡು ಬಂತೇನಪ್ಪಾ?"

ಮೇಡಂ ಸೈಬರ್ ಪೊಲೀಸರಿಗೆ ಫೋನ್ ಮಾಡತೊಡಗಿದರು.

ಶಂಕರಪ್ಪನವರು ಎದ್ದು ಮಗಳ ಬ್ಯಾಗು ಎತ್ತಿಕೊಂಡರು. "ಅಪ್ಪಾ, ಪರೀಕ್ಷೆ..." ಎಂದು ಧಾರಿಣಿ ಅಳುತ್ತ ಹಿಂದೆ ಹೋದಳು. ಬೀದಿಯಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಅವರು ಬೀದಿಗಿಳಿಯದೆ ಮೇಲಿನ ಮಹಡಿಯ ಮೆಟ್ಟಿಲ ಕಡೆ ತಿರುಗಿದರು.

"ಇಂಥವನಿಗೋಸ್ಕರ ನೀನ್ಯಾಕೆ ಪುಸ್ತಕ ಮುಚ್ಚಬೇಕು?" ಎಂದರು. "ರೂಮಿನ ಬೀಗದ ಕೈ ಕೊಡು."