ಚಪ್ಪಲಿ ಬುಟ್ಟಿಯ ಕಪ್ತಾನ

"ಓಡದ ದೋಣಿ ದೋಣಿಯಲ್ಲ ಕುಯಾ, ನೀರಿನ ಮೇಲೆ ಕಟ್ಟಿದ ಗುಡಿಸಲು ಅಷ್ಟೇ."

ದೋಣಿಗಳು ತಂಗುವ ಮರೀನಾದ ಮೇಲ್ವಿಚಾರಕಿ ಸೊಲೆದಾದ್, ಅಣ್ಣ ಎಂಬರ್ಥದ 'ಕುಯಾ' ಸೇರಿಸಿ ಇಷ್ಟು ಹೇಳಿ, ಎಲ್ಪಿಡಿಯೋನ ಕೈಗೊಂದು ನೋಟೀಸು ಕೊಟ್ಟು, ತನ್ನ ಬಾಯಿಗೊಂದು ಪೆಪ್ಪರಮಿಂಟು ಹಾಕಿಕೊಂಡು ಹೊರಟುಹೋದಳು. ನೋಟೀಸಿನಲ್ಲಿ ಇದ್ದದ್ದೂ ಅದೇ, ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ. 'ಲಿವಾಯ್‌ವಾಯ್' ಎಂಬ ಹಾಯಿದೋಣಿ ತಿಂಗಳ ಕೊನೆಯೊಳಗೆ ತನ್ನದೇ ಎಂಜಿನ್ನಿನ ಬಲದಿಂದ ಅಲೆತಡೆಯ ಬಾಯಿಯವರೆಗೆ ಹೋಗಿ ಬರಬೇಕು. ಬರಲಾಗದಿದ್ದರೆ ಅದರ ಜಾಗ ಬೇರೆಯವರಿಗೆ, ದೋಣಿ ಗುಜರಿಗೆ.

ಎಲ್ಪಿಡಿಯೋ ಮಗ್ಬನುವಾ ಮೂವತ್ತೊಂದು ವರ್ಷ ಸರಕುಹಡಗುಗಳ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದವನು. ನಿವೃತ್ತನಾಗುವಾಗ ಅವನು ಮೂರನೇ ಎಂಜಿನಿಯರು. ದಡಕ್ಕಿಳಿದ ಮಾರನೆಯ ದಿನವೇ ತನಗೆ ತಾನೇ ಬಡ್ತಿ ಕೊಟ್ಟುಕೊಂಡು ಕಪ್ತಾನನಾದ. ಇದ್ದಬದ್ದದ್ದನ್ನೆಲ್ಲ ಸುರಿದು ಒಂದು ಹಾಯಿದೋಣಿ ಕೊಂಡ, ಲುಸಾನ್ ದ್ವೀಪದ ಪಡುವಣ ದಂಡೆಯ ಈ ಮರೀನಾಕ್ಕೆ ತಂದು ಕಟ್ಟಿದ, ಬರುವ ಋತುವಿಗೆ ಬೊರ್ನಿಯೊಕ್ಕೆ ಹೊರಡುತ್ತೇನೆಂದು ಸಾರಿದ. ಅದು ಆರು ವರ್ಷದ ಹಿಂದಿನ ಮಾತು. ಮೊದಲ ವರ್ಷ ಗಾಳಿ ಸರಿಯಿರಲಿಲ್ಲ. ಎರಡನೆಯ ವರ್ಷ ಹಾಯಿ ಸರಿಯಿರಲಿಲ್ಲ. ಮೂರನೆಯ ವರ್ಷದಿಂದ ಎಂಜಿನ್ನು ಕೆಮ್ಮುವುದನ್ನೂ ನಿಲ್ಲಿಸಿತು. ಕುಣಿಯಲಾರದವಳಿಗೆ ನೆಲ ಡೊಂಕಾಗಿರುವುದು ಹೊಸದಲ್ಲ. ಆದರೆ ಊರಿಗೆಲ್ಲ ಎಂಜಿನ್ನು ರಿಪೇರಿ ಮಾಡಿದವನ ಎಂಜಿನ್ನೇ ತುಕ್ಕು ತಿಂದು ತೂತಾದದ್ದು ಮಾತ್ರ ಮರೀನಾಕ್ಕೆಲ್ಲ ಒಳ್ಳೆಯ ಕಾಲಕ್ಷೇಪವಾಗಿತ್ತು.

ಆ ಆರು ವರ್ಷದಲ್ಲಿ ದೋಣಿಯ ಹೊಟ್ಟೆಯಡಿ ತಾಹೋಂಗ್ ಚಿಪ್ಪುಗಳು ಗೊಂಚಲು ಗೊಂಚಲಾಗಿ ಬೆಳೆದಿದ್ದವು. ಅವುಗಳ ಮೇಲೆ ಪಾಚಿ, ಪಾಚಿಯೊಳಗೆ ಏಡಿ.

"ನಿಮ್ಮ ದೋಣಿಗೆ ಹಗ್ಗ ಯಾಕೆ ಕಪ್ತಾನ್? ಅದು ಬೇರು ಬಿಟ್ಟಾಯ್ತಲ್ಲ!" ಎನ್ನುತ್ತಿದ್ದ ಬೆರ್ತಿಂಗ್. ದೋಣಿಗಳ ಅಡಿಭಾಗ ಕೆರೆದು ಶುಚಿ ಮಾಡುವ ಮುಳುಗುಗಾರ ಅವನು. ಎಲ್ಪಿಡಿಯೋ ಒಮ್ಮೆಯೂ ಅವನಿಗೆ ಕೆಲಸ ಕೊಟ್ಟಿರಲಿಲ್ಲ.

"ಸುಮ್ನಿರೋ ಬೆರ್ತಿಂಗ್," ಎಂದು ಊಟದಂಗಡಿಯ ಆಲಿಂಗ್ ಕೊಂಚಿಂಗ್ ತನ್ನ ಸೌಟು ಎತ್ತುತ್ತಿದ್ದಳು. "ನನ್ನ ಸಾರಿಗೆ ತಾಹೋಂಗ್ ಕಮ್ಮಿ ಬಿದ್ದ ದಿನ ಅವನ ದೋಣಿ ಕೆಳಗೇ ಬುಟ್ಟಿ ಹಿಡೀತೀನಿ."

ಎಲ್ಪಿಡಿಯೋ ಎಲ್ಲರೊಂದಿಗೆ ನಗುತ್ತಿದ್ದ. ನಕ್ಕು ಒಳಗೆ ಹೋಗಿ ಹಲ್ಲು ಕಡಿಯುತ್ತಿದ್ದ. ಈ ನೋಟೀಸು ಬಂದ ಮೇಲೆ ಹಲ್ಲು ಕಡಿಯುವುದೂ ನಿಂತು ಬರೀ ಭಯ ಉಳಿಯಿತು. ಅವನಿಗೆ ಬೇರೆ ಮನೆಯಿರಲಿಲ್ಲ. ಹೆಂಡತಿ ಇಲೊಯಿಲೊದಲ್ಲಿ ತಂಗಿಯ ಜೊತೆಗಿದ್ದಳು. ಆ ತೊಟ್ಟಿಲಲ್ಲಿ ಮಲಗುವ ವಯಸ್ಸು ನನ್ನದಲ್ಲ ಎಂದು ಮೊದಲ ದಿನವೇ ಹೇಳಿ ಹೋದವಳು. ಒಂದು ಮಂಚ, ಒಂದು ಒಲೆ, ಒಂದು ರೇಡಿಯೊ, ಗೋಡೆಗೆ ಅಂಟಿಸಿದ ಬೊರ್ನಿಯೊದ ನಕ್ಷೆ: ಇಷ್ಟೇ ಅವನ ಸಂಸಾರ. ಅದು ಉಳಿಯಬೇಕಾದರೆ ಹೊಸ ಎಂಜಿನ್ನು ಬೇಕು. ಎಂಜಿನ್ನಿಗೆ ದುಡ್ಡು ಬೇಕು. ದುಡ್ಡಿಗೆ ಅವನ ಬಳಿ ಇದ್ದದ್ದು ಬುದ್ಧಿಯೊಂದೇ, ಮತ್ತು ಅದರ ಬಗ್ಗೆ ಅವನಿಗೆ ಅಪಾರ ಗೌರವವಿತ್ತು.

ಆ ಬುದ್ಧಿ ಅವನನ್ನು ದೋಣಿ ಮೇಳದ ಕಡೆ ತಿರುಗಿಸಿತು.

ಫೆಬ್ರವರಿಯಲ್ಲಿ ಗುರುವಾರದಿಂದ ಭಾನುವಾರದವರೆಗೆ ಮರೀನಾದಲ್ಲಿ ಮೇಳ. ದೊಡ್ಡವರ ದೊಡ್ಡ ದೋಣಿಗಳು ಸಾಲಾಗಿ ನಿಲ್ಲುತ್ತವೆ, ಕೊಳ್ಳುವವರಿಗಿಂತ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು ಬರುತ್ತಾರೆ. ಕಳೆದ ವರ್ಷದಂತೆ ಈ ವರ್ಷವೂ ಪಲವಾನಿನ ಸಿನ್ಯೋರಾ ಅರಸೆಲಿ ತನ್ನ ಬಿಳಿ ವಿಹಾರನೌಕೆಯನ್ನು ತರುವವಳಿದ್ದಳು. ಅದರೊಳಗಿನ ಕೋಣೆಯಲ್ಲಿ ಅವಳ ಮುತ್ತಿನ ಪ್ರದರ್ಶನ. ನಟ್ಟನಡುವೆ, ವೆಲ್ವೆಟ್ಟಿನ ಬೊಂಬೆಯ ಕೊರಳಿನ ಮೇಲೆ, ಹೊನ್ನಿನ ಬಣ್ಣದ ಮೂವತ್ತೇಳು ಮುತ್ತುಗಳ ಸರ. ಒಂದೊಂದೂ ನೆಲ್ಲಿಕಾಯಿ ಗಾತ್ರ. ಬಂದ ಶ್ರೀಮಂತ ಹೆಂಗಸರೆಲ್ಲ ಅದನ್ನು ಕತ್ತಿಗಿಟ್ಟು ನೋಡಬೇಕಾದ್ದರಿಂದ ಅದಕ್ಕೆ ಗಾಜೂ ಇಲ್ಲ, ಬೀಗವೂ ಇಲ್ಲ. ಬೆಲೆ ಕೇಳುವಾಗಿನ ತಮ್ಮ ಮುಖ ದಾಖಲಾಗುವುದು ಅವರಿಗೆ ಇಷ್ಟವಿಲ್ಲವಾದ್ದರಿಂದ ಒಳಗೆ ಕ್ಯಾಮೆರಾವೂ ಇಲ್ಲ. ಕಾವಲೆಲ್ಲ ಒಂದೇ ಕಡೆ: ನೌಕೆಯಿಂದ ಇಳಿಯುವ ಹಲಗೆಯ ಬುಡದಲ್ಲಿ. ಅಲ್ಲಿ ಕ್ಯಾಮೆರಾ, ಅಲ್ಲೇ ಒಬ್ಬ ಗಾರ್ಡು, ಇಳಿಯುವ ಪ್ರತಿಯೊಬ್ಬರ ಚೀಲಕ್ಕೂ ಜೇಬಿಗೂ ತಪಾಸಣೆ.

ಎಲ್ಪಿಡಿಯೋ ಇದನ್ನೆಲ್ಲ ಕಳೆದ ವರ್ಷವೇ ನೋಡಿದ್ದ. ಈ ವರ್ಷ ಅವನು ನೋಡಿದ್ದು ಹಲಗೆಯ ಪಕ್ಕದಲ್ಲಿದ್ದ ಚಪ್ಪಲಿ ಬುಟ್ಟಿಗಳನ್ನು.

ಮೇಳದಲ್ಲಿ ಯಾರೂ ಪಾದರಕ್ಷೆ ಹಾಕಿಕೊಂಡು ದೋಣಿ ಹತ್ತುವಂತಿಲ್ಲ. ದೇವಸ್ಥಾನಕ್ಕಿಂತ ಬಿಗಿಯಾದ ನಿಯಮ. ದೇವರಿಗಿಲ್ಲದ ಹೊಳಪು ಈ ಮರದ ಅಟ್ಟಗಳಿಗುಂಟು. ಬಿಟ್ಟ ಚಪ್ಪಲಿ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ತುಂಬಿದರೆ ಸ್ವಯಂಸೇವಕನೊಬ್ಬ ಹೊತ್ತು ನೆರಳಿಗೊಯ್ದು ಇಡುತ್ತಾನೆ. ನೂರು ಜನರ ಬೆವರು ಕುಡಿದ ಬುಟ್ಟಿಯೊಳಗೆ ಕೈ ಹಾಕುವ ಗಾರ್ಡು ಇನ್ನೂ ಹುಟ್ಟಿಲ್ಲ. ಯಾರಿಗೂ ಬೇಡದ ಆ ಕೆಲಸ ತನಗಿರಲಿ ಎಂದು ಎಲ್ಪಿಡಿಯೋ ಕೇಳಿದಾಗ ಸೊಲೆದಾದ್ ಅವನ ಮುಖವನ್ನೇ ನೋಡಿದಳು.

"ಬೇಜಾರಿಲ್ವಾ ಕುಯಾ? ನಾನು ನೋಟೀಸು ಕೊಟ್ಟವಳು."

"ನೋಟೀಸು ನಿಮ್ಮ ಕೆಲಸ ಮ್ಯಾಮ್, ಸೇವೆ ನನ್ನ ಕೆಲಸ. ಹೋಗೋದಾದ್ರೂ ಒಳ್ಳೇ ಹೆಸರು ಇಟ್ಕೊಂಡು ಹೋಗ್ತೀನಿ."

ಆ ಮಾತು ಅವನಿಗೇ ಬಹಳ ಹಿಡಿಸಿತು. ಒಬ್ಬನೇ ಇದ್ದಾಗ ಇನ್ನೆರಡು ಸಲ ಹೇಳಿ ನೋಡಿದ.

ಗುರುವಾರ ಬೆಳಿಗ್ಗೆ ಸ್ವಯಂಸೇವಕರಿಗೆಲ್ಲ ಹಳದಿ ಅಂಗಿ ಹಂಚಿದರು. ಒಂದು ಅರ್ಜಿಯನ್ನೂ ತುಂಬಬೇಕಿತ್ತು: ಹೆಸರು, ಅಂಗಿಯ ಅಳತೆ, ರಕ್ತದ ಗುಂಪು, ಕೊನೆಯಲ್ಲಿ 'ನಿಮ್ಮ ದೋಣಿಯ ಒಂದು ಆಸೆ' ಎಂಬ ಪ್ರಶ್ನೆ, ಅದರಡಿ ಒಂದಿಷ್ಟು ಸಣ್ಣಕ್ಷರ. ಕನ್ನಡಕ ದೋಣಿಯಲ್ಲೇ ಉಳಿದಿದ್ದರಿಂದ ಎಲ್ಪಿಡಿಯೋ ಸಣ್ಣಕ್ಷರದ ತಂಟೆಗೆ ಹೋಗಲಿಲ್ಲ. ಆಸೆಯ ಜಾಗದಲ್ಲಿ ಏನೋ ತಮಾಷೆ ಗೀಚಿದ. ಮೇಜಿನ ಹುಡುಗಿ ಓದಿ ಕಿಸಕ್ಕನೆ ನಕ್ಕು ಪಕ್ಕದವಳಿಗೂ ತೋರಿಸಿದಳು. ಅವನಿಗೆ ತೃಪ್ತಿಯಾಯಿತು. ಮೊದಲ ದಿನ ನಗಿಸಿದವನ ಮೇಲೆ ಕೊನೆಯ ದಿನ ಯಾರೂ ಅನುಮಾನ ಪಡುವುದಿಲ್ಲ ಎಂಬುದು ಅವನ ಲೆಕ್ಕ.

ಮೂರು ದಿನ ಅವನು ದುಡಿದ ಬಗೆಗೆ ಕಂಡವರು ಮೂಗಿನ ಮೇಲೆ ಬೆರಳಿಟ್ಟರು. ಬುಟ್ಟಿ ಹೊತ್ತ, ಮುದುಕಿಯರ ಕೈ ಹಿಡಿದು ಹಲಗೆ ಹತ್ತಿಸಿದ, ಕಳೆದುಹೋದ ಮಕ್ಕಳನ್ನು ಹುಡುಕಿದ, ಒಂದೇ ಥರದ ನಲವತ್ತು ಜೊತೆ ರಬ್ಬರ್ ಚಪ್ಪಲಿಗಳಲ್ಲಿ ಯಾರದು ಯಾವುದು ಎಂದು ಸರಿಯಾಗಿ ಹೇಳಿದ. ಕಾರ್ಯಕ್ರಮವಿಲ್ಲದ ಹೊತ್ತಿನಲ್ಲಿ ನೌಕೆಯ ಒಳಕೋಣೆಗೂ ಹೋಗಿ ಮರಳು ಗುಡಿಸಿಕೊಟ್ಟ. ಶುಕ್ರವಾರದ ಹೊತ್ತಿಗೆ ಸಿನ್ಯೋರಾ ಅರಸೆಲಿಯೇ ಹಿರಿಯಣ್ಣನನ್ನು ಕರೆಯುವಂತೆ "ಮನೋಂಗ್, ನೀವಿಲ್ಲದಿದ್ರೆ ನಮ್ಮ ಗತಿಯೇನು!" ಎನ್ನುವಂತಾಗಿತ್ತು. ಸತ್ತ ಎಂಜಿನ್ನಿಗೆ ಆರು ವರ್ಷದಲ್ಲಿ ಹಾಕದಷ್ಟು ದುಡಿಮೆಯನ್ನು ಅವನು ಈ ಮೂರು ದಿನಕ್ಕೆ ಹಾಕಿದ. ಕಳ್ಳತನದಲ್ಲೂ ಇಷ್ಟು ಮೈ ಬಗ್ಗಬೇಕೆಂದು ಗೊತ್ತಿದ್ದರೆ ಬಹುಶಃ ಪ್ರಾಮಾಣಿಕನಾಗಿಯೇ ಉಳಿಯುತ್ತಿದ್ದ.

ಶನಿವಾರ ಸಂಜೆ ನಾಲ್ಕಕ್ಕೆ ಮೆರಿಯೆಂದಾ. ಈ ನಾಡಿನಲ್ಲಿ ಹಡಗು ಮುಳುಗುತ್ತಿದ್ದರೂ ನಾಲ್ಕರ ತಿಂಡಿ ತಪ್ಪುವುದಿಲ್ಲ. ಆಲಿಂಗ್ ಕೊಂಚಿಂಗಳ ಬಾಣಲೆಯಿಂದ ಸಕ್ಕರೆಯಲ್ಲಿ ಹೊರಳಿದ ಬಾಳೆಹಣ್ಣಿನ ತುರೋನ್ ಇಳಿಯಿತು, ನೌಕೆಯವರೆಲ್ಲ ಇಳಿದುಹೋದರು. ಎಲ್ಪಿಡಿಯೋ ಪೊರಕೆ ಹಿಡಿದು ಒಳಹೋದ. ಮನಿಲಾದ ಬೀದಿಯಲ್ಲಿ ಕೊಂಡು ಮೂವತ್ತೇಳು ಮಣಿಗೆ ಸರಿಮಾಡಿದ್ದ, ಅದೇ ಹೊನ್ನಿನ ಬಣ್ಣದ ಪ್ಲಾಸ್ಟಿಕ್ ಸರ ಅವನ ಸೊಂಟದ ಪಟ್ಟಿಯೊಳಗಿತ್ತು. ಅಸಲಿಯನ್ನು ಎತ್ತಿಕೊಂಡ, ನಕಲಿಯನ್ನು ವೆಲ್ವೆಟ್ಟಿಗೆ ಹಾಕಿದ. ಹಡಗಿನ ಗೆಳೆಯರಿಂದ ಕಲಿತಿದ್ದಂತೆ ಒಂದು ಮುತ್ತನ್ನು ಮುಂದಿನ ಹಲ್ಲಿಗೆ ಉಜ್ಜಿ ನೋಡಿದ. ಸಣ್ಣ ಮರಳಿನಂತೆ ತರಿತರಿ. ನಿಜವಾದ ಮುತ್ತು ಹಲ್ಲಿಗೆ ಹೀಗೇ ಹತ್ತುತ್ತದೆ, ನಕಲಿ ಜಾರುತ್ತದೆ.

ನೆರಳಿಗೆಂಬ ನೆಪದಲ್ಲಿ ಮೇಲೆ, ನೌಕೆಯ ಅಟ್ಟದ ಮೂಲೆಯಲ್ಲಿ ಒಂದು ತುಂಬಿದ ಬುಟ್ಟಿಯನ್ನು ಅವನು ಮೊದಲೇ ತಂದಿಟ್ಟಿದ್ದ. ಅದರ ತಳದಲ್ಲಿ ಅವನದೇ ಹಳೆಯ ಕ್ಯಾನ್ವಾಸ್ ಬೂಟು. ಹಿಂದಿನ ದಿನ ಮೀನಿನ ನೀರಿನಲ್ಲಿ ನೆನೆಸಿ ಒಣಗಿಸಿದ್ದು. ಸರ ಬೂಟಿನ ಮೂತಿಗೆ ಇಳಿಯಿತು. ಬುಟ್ಟಿ ಹೊತ್ತು ಹಲಗೆಯಿಳಿದಾಗ ಗಾರ್ಡು ಅವನ ಜೇಬು ತಟ್ಟಿ ನೋಡಿದ, ಬುಟ್ಟಿಗೆ ಬಗ್ಗಿದ, ಬಗ್ಗಿದಷ್ಟೇ ವೇಗದಲ್ಲಿ ಎದ್ದ.

"ಥೂ, ಏನ್ ಕುಯಾ ಇದು! ಯಾರಾದ್ರೂ ಒಳಗೆ ಸತ್ತಿದಾರಾ?"

"ಸಾಹುಕಾರರ ಕಾಲು ತಮ್ಮ. ನಮ್ಮ ನಿಮ್ಮದರಷ್ಟು ಶುದ್ಧ ಎಲ್ಲಿರುತ್ತೆ?"

ಗಾರ್ಡು ಮೂಗು ಹಿಡಿದುಕೊಂಡೇ ನಕ್ಕು ದಾರಿ ಬಿಟ್ಟ.

ಅಡಗಿಸುವ ಜಾಗವೇ ಈ ಯೋಜನೆಯ ಕಿರೀಟ ಎಂದು ಎಲ್ಪಿಡಿಯೋ ತಿಳಿದಿದ್ದ. ಅಕಸ್ಮಾತ್ ಬೇಗ ಗೊತ್ತಾದರೂ ಪೊಲೀಸರು ದೋಣಿಯ ಹೊರಗೋಡೆಗಳ ಒಳಗೆ ಹುಡುಕುತ್ತಾರೆ: ಹಾಸಿಗೆ, ಅಕ್ಕಿ ಡಬ್ಬ, ಎಂಜಿನ್ನಿನ ಅಡಿ. ಅವನು ನೀರಿಗೆ ಸ್ಪ್ಯಾನರ್ ಬಿತ್ತೆಂದು ಗೊಣಗುತ್ತ ಹಾಡುಹಗಲೇ ದೋಣಿಯ ಪಕ್ಕ ಮುಳುಗು ಹಾಕಿದ. ಮುತ್ತಿದ್ದ ಹಸಿರು ಬಲೆಚೀಲವನ್ನು ಚುಕ್ಕಾಣಿಯ ಹಿಂದೆ, ಚಿಪ್ಪಿನ ದಟ್ಟ ಗೊಂಚಲಿನ ನಡುವೆ ತುರುಕಿ ಕಟ್ಟಿದ. ಊರೇ ಆಡಿಕೊಂಡು ನಕ್ಕ ಆ ಹೊಲಸೇ ಈಗ ಅವನ ತಿಜೋರಿ. ಮುತ್ತು ಚಿಪ್ಪಿನಿಂದ ಬಂದದ್ದು, ಚಿಪ್ಪಿಗೆ ಹೋಯಿತು. ಆರು ವರ್ಷದಲ್ಲಿ ಒಬ್ಬನೂ ಇಣುಕದ ಜಾಗದಲ್ಲಿ ಇನ್ನು ನಾಲ್ಕು ದಿನದಲ್ಲಿ ಯಾರು ಇಣುಕುತ್ತಾರೆ? ಬುಧವಾರ ಹಳೆಯ ಗೆಳೆಯನೊಬ್ಬನ ಹಡಗು ಬರುತ್ತದೆ, ಸರ ಹಾಂಗ್‌ಕಾಂಗಿಗೆ ಹೋಗುತ್ತದೆ. ಅದು ಪ್ಲಾಸ್ಟಿಕ್ಕೆಂದು ಸಿನ್ಯೋರಾಗೆ ಪಲವಾನಿನಲ್ಲಿ ಗೊತ್ತಾಗುವ ಹೊತ್ತಿಗೆ ಹೊಸ ಎಂಜಿನ್ನು ಗುಡುಗುತ್ತಿರುತ್ತದೆ.

ಭಾನುವಾರ ಅವನು ಉಳಿದ ಮೂರು ದಿನಕ್ಕಿಂತಲೂ ಹೆಚ್ಚು ದುಡಿದ. ಮಧ್ಯಾಹ್ನವೆಲ್ಲ ಬುಟ್ಟಿಗಳ ಬಳಿಯಿಂದ ಕದಲಲೇ ಇಲ್ಲ. ಐದು ಗಂಟೆಗೆ, ಬಿಸಿಲು ಇನ್ನೂ ಇರುವಾಗಲೇ, ಸಮಾರೋಪ. ಮುಂದಿನ ಸಾಲಿನಲ್ಲಿ ಸಿನ್ಯೋರಾ ಅರಸೆಲಿ ಕುಳಿತಿದ್ದಳು, ಕೊರಳಲ್ಲಿ ಮೂವತ್ತೇಳು ಪ್ಲಾಸ್ಟಿಕ್ ಮಣಿ. ಅವಳಿಗೆ ಅದು ಒಪ್ಪುತ್ತದೆ ಎಂದು ಎಲ್ಪಿಡಿಯೋಗೆ ಅನಿಸಿತು. ಆಗ ಸೊಲೆದಾದ್ ಮೈಕಿನಲ್ಲಿ ಅವನ ಹೆಸರು ಕರೆದಳು: ಈ ಮೇಳದ ಅತ್ಯುತ್ತಮ ಸ್ವಯಂಸೇವಕ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಲಿಂಗ್ ಕೊಂಚಿಂಗ್ ಸೆರಗಿಲ್ಲದ್ದಕ್ಕೆ ಕೈವಸ್ತ್ರದಲ್ಲೇ ಕಣ್ಣೊರೆಸಿಕೊಂಡಳು.

"ನಾನು ಇವರಿಗೆ ನೋಟೀಸು ಕೊಟ್ಟಿದ್ದೆ," ಎಂದಳು ಸೊಲೆದಾದ್. "ಅದನ್ನ ಜೇಬಲ್ಲಿ ಇಟ್ಕೊಂಡೇ ಇವರು ನಾಲ್ಕು ದಿನ ನಮ್ಮೆಲ್ಲರ ಚಪ್ಪಲಿ ಹೊತ್ರು. ಇಂಥವರನ್ನ ಓಡಿಸಿ ಇನ್ಯಾರನ್ನ ಇಟ್ಕೊಳ್ಳೋಣ ಹೇಳಿ? ಕುಯಾ, ದೋಣಿ ಓಡಲಿ, ಓಡದೇ ಇರಲಿ, ನೀವಿರೋ ತನಕ ಆ ಜಾಗ ನಿಮ್ಮದೇ." ಹಾಗೆಂದು ನೋಟೀಸಿನ ಪ್ರತಿಯನ್ನು ಎಲ್ಲರೆದುರು ಹರಿದು ಹಾಕಿದಳು.

ಎಲ್ಪಿಡಿಯೋ ತಲೆ ಬಾಗಿಸಿದ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವನು ನಟಿಸುತ್ತಿರಲಿಲ್ಲ. ಮನೆ ಉಳಿಯಿತು! ಎಂಜಿನ್ನೂ ಬೇಕಿಲ್ಲ, ಬೊರ್ನಿಯೊಕ್ಕೂ ಹೋಗಬೇಕಿಲ್ಲ. ಸರವನ್ನು ಹೇಗಾದರೂ ವಾಪಸು ಇಟ್ಟುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆ ಗಳಿಗೆ ಬೇಗ ಕಳೆಯಿತು. ಬಂದ ಲಕ್ಷ್ಮಿಯನ್ನು ಒದೆಯಬಾರದು ಎಂದುಕೊಂಡ.

"ಇನ್ನೂ ಒಂದಿದೆ," ಎಂದು ಸೊಲೆದಾದ್ ಫೈಲಿನಿಂದ ಒಂದು ಹಾಳೆ ತೆಗೆದಳು. ಗುರುವಾರ ಬೆಳಿಗ್ಗೆಯ ಅರ್ಜಿ. ಅವನು ಓದದೆ ಬಿಟ್ಟ ಸಣ್ಣಕ್ಷರವನ್ನು ಅವಳು ದೊಡ್ಡದಾಗಿ ಓದಿದಳು: ಅತ್ಯುತ್ತಮ ಸ್ವಯಂಸೇವಕರ ದೋಣಿಯ ಆಸೆಯನ್ನು ಮರೀನಾ ಪೂರೈಸುತ್ತದೆ. ಆಮೇಲೆ ಅವನದೇ ಸೊಟ್ಟ ಕೈಬರಹವನ್ನು ಓದಿದಳು: 'ಯಾರಾದರೂ ಪುಣ್ಯಾತ್ಮರು ನನ್ನ ಹೊಟ್ಟೆ ಕೆರೆದು ತೊಳೆಯಿರಿ.' ಜನ ಬಿದ್ದು ಬಿದ್ದು ನಕ್ಕರು. "ಮೂರು ಗಂಟೆಯಿಂದ ಅದೇ ಕೆಲಸ ನಡೀತಿದೆ ಕುಯಾ, ನಿಮಗೆ ಗೊತ್ತಾಗಬಾರದು ಅಂತ ಯಾರೂ ಬಾಯಿ ಬಿಟ್ಟಿಲ್ಲ," ಎಂದು ಅವಳು ಹೇಳುವಷ್ಟರಲ್ಲಿ ಬೆರ್ತಿಂಗ್ ಮೈಯಿಂದ ನೀರು ಸುರಿಸುತ್ತ ತೇಲುಕಟ್ಟೆಯ ಮೇಲೆ ಬರುತ್ತಿದ್ದ. ಅವನ ಒಂದು ಕೈಯಲ್ಲಿ ಕೆರೆಯುವ ಬಾಚಿ, ಇನ್ನೊಂದರಲ್ಲಿ ಹಸಿರು ಬಲೆಚೀಲ. "ಕಪ್ತಾನ್!" ಎಂದು ಅಲ್ಲಿಂದಲೇ ಕೂಗಿದ. "ಮೂವತ್ತು ವರ್ಷದಿಂದ ಕೆರೀತಿದೀನಿ, ಚಿಪ್ಪಲ್ಲಿ ಒಂದು ಮುತ್ತೂ ನೋಡಿಲ್ಲ. ನಿಮ್ಮ ಚಿಪ್ಪು ನೋಡಿ, ದಾರಕ್ಕೆ ಪೋಣಿಸಿಯೇ ಕೊಟ್ಟಿದೆ!" ಎಲ್ಲರೂ ಇನ್ನಷ್ಟು ನಕ್ಕರು, ಸಿನ್ಯೋರಾ ಅರಸೆಲಿಯೂ ನಕ್ಕಳು. ಬೆರ್ತಿಂಗ್ ಸರವನ್ನು ಎತ್ತಿ ಹಿಡಿದು ಬಿಸಿಲಿಗೆ ತೋರಿಸಿದಾಗ ಅವಳ ನಗು ನಿಂತಿತು. ಅವಳು ತನ್ನ ಕೊರಳಿನ ಸರವನ್ನು ನಿಧಾನವಾಗಿ ಮೇಲೆತ್ತಿ, ಒಂದು ಮಣಿಯನ್ನು ಮುಂದಿನ ಹಲ್ಲಿಗೆ ಉಜ್ಜಿ ನೋಡಿದಳು. ಅದು ಜಾರಿತು.