ಓದದೆ ಬಿಟ್ಟ ಕಡತ

ಶಿವಯೋಗಿಯವರು ಕಣ್ಣು ಬಿಡುವ ಮೊದಲೇ ಅವರ ಕಿವಿಯ ಹಿಂದೆ ಚರ್ಮದಡಿ ಕೂರಿಸಿದ್ದ ಬಿಲ್ಲೆ ಕೆಲಸ ಶುರುಮಾಡಿತು. ಮೊದಲ ಕಡತ ಓದಿತು: ನಡಿಗೆ, ಮಾತು. ಎರಡನೆಯದು: ಧಾರವಾಡದ ಮನೆ, ಹೆಂಡತಿ ಅಶ್ವಿನಿ, ನವಲಗುಂದಕ್ಕೆ ಕೊಟ್ಟ ಮಗಳು ಸಾನ್ವಿ. ಮೂರನೆಯದನ್ನು ಓದಿದ್ದೇ ಅವರು ಗೋಡೆಗೆ ತಲೆ ಆನಿಸಿ ಅತ್ತರು. ಸಾನ್ವಿ ಹೆರಿಗೆಯಲ್ಲಿ ತೀರಿಕೊಂಡು ವರ್ಷವಾಗಿತ್ತು.

ಪಾರ್ಶ್ವವಾಯುವಾದ ಮೇಲೆ ಒಂದು ನಿದ್ದೆ ಸಾಕು, ಅವರ ನೆನಪೆಲ್ಲ ಅಳಿಸಿಹೋಗುತ್ತಿತ್ತು. ಈ ಶತಮಾನದ ಆರಂಭದ ಕಂಪ್ಯೂಟರುಗಳಲ್ಲಿ ಆದೇಶ ಟೈಪಿಸುವ ಕಪ್ಪು ಪರದೆಯೊಂದಿತ್ತು. ತೆರೆದುಕೊಳ್ಳುವಾಗ ಅದು ಕೆಲವು ಕಡತಗಳನ್ನು ತಾನೇ ಓದಿಕೊಳ್ಳುತ್ತಿತ್ತು. ಇಂಥದ್ದನ್ನು ಓದಬೇಡ ಎಂದು ಹೇಳಿಡಲೂ ಬರುತ್ತಿತ್ತು. ಅವರಿಗೆ ಚಿಕಿತ್ಸೆ ಮಾಡುತ್ತಿದ್ದ ಡಾ. ಮೇಘನಾ ಹಂಚಿನಮನಿ ಆ ಬಿಲ್ಲೆ ಕೂರಿಸಿ ಅದೇ ಉಪಾಯವನ್ನು ಮಿದುಳಿಗೆ ತಂದಿದ್ದರು.

"ಮುಂಜಾನೆ ಎದ್ದಕೂಡ್ಲೇ ಸಾವಿನ ಸುದ್ದಿ ಬ್ಯಾಡ್ರಿ ಡಾಕ್ಟರ," ಎಂದರು ಅಶ್ವಿನಿ. "ಮೂರನೇದ್ದು ಬಿಡಿಸ್ರಿ. ನಾಷ್ಟಾ ಆದಮ್ಯಾಗ ನಾನ ಸಾವಕಾಶ ಹೇಳ್ತೀನಿ."

"ಖರೇನ ಹೇಳ್ತೀರಿ?"

"ಹೇಳ್ತೀನ್ರಿ."

ಮೇಘನಾ ಆ ಕಡತವನ್ನು ತಡೆದರು. ಅಶುಭವನ್ನು ಬೆಳಗಿನಿಂದ ಆಚೆ ತಳ್ಳಿದರೆ ಸಾಕೆಂದು ನಂಬುವ ಜನ ನಾವು. ನಾಷ್ಟಾ ಆಯಿತು, ಊಟವೂ ಆಯಿತು. ಗಂಡನ ನಗುಮುಖ ನೋಡಿ ಅಶ್ವಿನಿಗೆ ಬಾಯಿ ಬರಲಿಲ್ಲ. ಮರುದಿನವೂ ಬರಲಿಲ್ಲ.

ಪಂಚಮಿ ಬಂತು, ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಹಬ್ಬ. ಅಶ್ವಿನಿ ಸ್ನಾನಕ್ಕೆ ಹೋದಾಗ ಶಿವಯೋಗಿ ಅಂಗಡಿಯಲ್ಲಿ ಶೇಂಗಾ ಉಂಡಿ ಕಟ್ಟಿಸಿಕೊಂಡು ನವಲಗುಂದದ ಬಸ್ಸು ಹತ್ತಿದರು. ಬಾಗಿಲು ತೆರೆದವಳು ಅಳಿಯನ ಹೊಸ ಹೆಂಡತಿ.

"ಸಾನ್ವೀನ್ನ ಹಬ್ಬಕ್ಕ ಕರಿಯಾಕ ಬಂದೀನವಾ."

ಆ ಹುಡುಗಿ ಗಾಬರಿಯಾಗಿ ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ನೋಡಿದಳು. ಅವರೂ ನೋಡಿದರು.

ಅಳಿಯ ಅವರನ್ನು ಕಾರಿನಲ್ಲಿ ಮನೆಗೆ ತಂದುಬಿಟ್ಟ. ಅತ್ತು ಅತ್ತು ದಣಿದು ಮಲಗಿದರು. ದಿನದ ನೆನಪನ್ನು ಬಿಲ್ಲೆ ರಾತ್ರಿ ಆಯಾ ಕಡತಕ್ಕೆ ಸೇರಿಸುತ್ತಿತ್ತು. ಆದರೆ ಅಂದು ತಿಳಿದದ್ದೆಲ್ಲ ಸಾವಿಗೆ ಸೇರಿದ್ದು. ಬಿಲ್ಲೆ ಅದನ್ನು ತಡೆದಿಟ್ಟಿದ್ದ ಮೂರನೆಯ ಕಡತಕ್ಕೇ ಬರೆದಿಟ್ಟಿತು. ಬೆಳಿಗ್ಗೆ ಎದ್ದವರೇ ಅಂಗಿ ತೊಟ್ಟು, "ಸಾನ್ವೀನ್ನ ಕರಕೊಂಡು ಬರ್ತೀನಿ," ಎಂದರು.

ಅಶ್ವಿನಿ ಅವರ ಕೈಹಿಡಿದು ನೇರ ಮೇಘನಾ ಬಳಿಗೆ ಕರೆದೊಯ್ದರು. "ಆ ಕಡತ ಮತ್ತ ಹಚ್ರಿ."

"ನೀವು ಮುಚ್ಚಿಟ್ಟಿದ್ದೂ ಅವರಿಗೆ ಗೊತ್ತಾಗ್ತದ್ರಿ, ಅಕ್ಕಾರ."

"ಆಗ್ಲಿ. ಇಷ್ಟು ದಿನ ನಾನೊಬ್ಬಾಕೇ ಅತ್ತು ಸಾಕಾಗೇದ."

ಮರುದಿನ ಶಿವಯೋಗಿ ಎದ್ದು ಅತ್ತರು. ಆಮೇಲೆ ಹೆಂಡತಿಯತ್ತ ತಿರುಗಿ, "ನೀನೂ ಹೇಳ್ಲಿಲ್ಲ ನೋಡು," ಎಂದರು. ಆ ಮಾತು ಕೂಡ ಈಗ ಕಡತದಲ್ಲಿದೆ. ದಿನಾ ಬೆಳಿಗ್ಗೆ ಅವರು ಅದನ್ನೇ ಅನ್ನುತ್ತಾರೆ.

ಆ ಬಿಲ್ಲೆ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ಹಾಗೆಂದು ನಾವೇನೂ ಕಾದು ಕೂತಿಲ್ಲ. ಅಜ್ಜನಿಗೆ ಈಗಲೇ ಹೇಳುವುದು ಬೇಡ, ತಡೆದುಕೊಳ್ಳುವುದಿಲ್ಲ ಎಂದು ಅಡುಗೆಮನೆಯಲ್ಲಿ ಪಿಸುಗುಡುತ್ತೇವೆ. ಹೊರಗೆ ಕೂತ ಅಜ್ಜ, ಮಗಳ ಫೋನು ಯಾಕೆ ಬರಲಿಲ್ಲವೆಂದು ಕೇಳುತ್ತಲೇ ಇರುತ್ತಾನೆ.