ಎತ್ತು ಎದ್ದ ಮೇಲೆ ಕ್ರಿಸ್ಮಸ್

ಬಹಳ ಹಿಂದೆ, ಹುಲಿಗಳು ಮಾತಾಡುತ್ತಿದ್ದ, ಮನೆಗಳು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಹೊನ್ನಕಣವೆಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಅರಮನೆಗಿಂತಲೂ ಹಳೆಯದು ಬಯಲಿನ ನಡುವೆ ನಿಂತ ಒಂದು ಒಕ್ಕಲುಮನೆ. ಅಲ್ಲಿ ಇನ್ನಾಸಪ್ಪ ತಾತ, ಅವನ ಸೊಸೆ ಜ್ಞಾನಮ್ಮ, ಅವಳ ಮಗಳು ಮಗ್ದಲಿ ಇದ್ದರು. ಕೊಟ್ಟಿಗೆಯಲ್ಲಿ ಎರಡು ಬಿಳಿ ಎತ್ತುಗಳಿದ್ದವು.

ಮಗ್ದಲಿಗೆ ನಿಂತಲ್ಲಿ ನಿಂತು ಗೊತ್ತಿಲ್ಲ. ಕಾಯಿ ಹಣ್ಣಾಗುವ ಮೊದಲೇ ಕೀಳುವವಳು, ಮುದ್ದೆ ಬೇಯುವ ಮೊದಲೇ ಇಳಿಸುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಊರೆಲ್ಲ ನಗುತ್ತಿತ್ತು. ಅವ್ವ ಮಾತ್ರ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ತಡ್ಕೊಳ್ಳೇ ಮಗಳೇ."

ಆ ಮನೆಗೊಂದು ಕಟ್ಟಳೆ ಇತ್ತು. ಕ್ರಿಸ್ಮಸ್ ಮುನ್ನಾದಿನ ನಡುಮನೆಯಲ್ಲಿ ಗೋದಲಿ, ಎಂದರೆ ದೇವಕೂಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ರೂಪ, ಕಟ್ಟಬೇಕು. ಅದರಲ್ಲಿ ಮರಿಯಮ್ಮನವರ, ಕುರುಬರ, ಕುರಿಗಳ ಬೊಂಬೆ ಇಡಬೇಕು. ಹಲಸಿನ ಮರದಲ್ಲಿ ಕೆತ್ತಿದ ಕೂಸನ್ನು ಮಾತ್ರ ನಸುಕಿನಲ್ಲಿ ಚರ್ಚಿನ ಗಂಟೆ ಮೊಳಗಿ, ಆ ಗಂಟೆಗೆ ಎತ್ತುಗಳು ಎದ್ದು ನಿಂತ ಮೇಲೆಯೇ ಹುಲ್ಲಿನ ಮೇಲೆ ಮಲಗಿಸಬೇಕು. ಎತ್ತು ಏಳದೆ ಕೂಸಿಲ್ಲ. ಆ ಕಟ್ಟಳೆ ಇರುವ ತನಕ ಯಾವ ಮಾಟವೂ ಹೊಸ್ತಿಲು ದಾಟುವಂತಿರಲಿಲ್ಲ.

ಒಂದು ವರ್ಷ ಥಳಕಪ್ಪನೆಂಬ ಮಾಂತ್ರಿಕ ವ್ಯಾಪಾರಿಯ ವೇಷದಲ್ಲಿ ಬಂದ. ಅವನ ಮೂಟೆ ತುಂಬ ಜರಿ ತೋರಣ, ಬಣ್ಣದ ಗಾಜಿನ ಗುಂಡು, ಬೆಳ್ಳಿ ನಕ್ಷತ್ರ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ" ಎಂದ ತಾತ. ಮಗ್ದಲಿ ಕೇಳಲಿಲ್ಲ. ಮನೆಯೆಲ್ಲ ಜಗಮಗ ಎನ್ನುವಂತೆ ಸಿಂಗರಿಸಿದಳು. ಸಿಂಗರಿಸಿದ್ದೇ ತಡ, ಗೋದಲಿ ತುಂಬಿದ್ದನ್ನು ನೋಡುವ ಆಸೆ ತಡೆಯದೆ, ಗಂಟೆಗೆ ಮೊದಲೇ ಕೂಸನ್ನು ಮಲಗಿಸಿಬಿಟ್ಟಳು.

ಕಟ್ಟಳೆ ಮುರಿಯಿತು. ಕೂಸು ಜಾರಿ ಬಿತ್ತು. ಅದನ್ನೆತ್ತಲು ಮಗ್ದಲಿ ಬಗ್ಗಿದಳು. ಥಳಕಪ್ಪನ ಮಾಟ ಅವಳ ತಲೆಯ ಮೇಲಿಂದ ಹಾದು ಅವ್ವನಿಗೂ ತಾತನಿಗೂ ತಗುಲಿತು. ಇಬ್ಬರೂ ಬೆರಳುದ್ದದ ಮಣ್ಣಿನ ಬೊಂಬೆಗಳಾಗಿ ಗೋದಲಿಯಲ್ಲಿ ನಿಂತರು.

"ಹಸಿ ಮಣ್ಣು ಒಣಗೋಕೆ ಒಂದು ವರ್ಷ ಬೇಕು. ಮುಂದಿನ ಕ್ರಿಸ್ಮಸ್‌ಗೆ ಬಂದು ಒಯ್ತೀನಿ. ನನ್ನ ಅರಮನೇಲಿ ಇಂಥ ಬೊಂಬೆ ಸಾಲು ಸಾಲಿವೆ" ಎಂದು ನಕ್ಕು ಥಳಕಪ್ಪ ಮಾಯವಾದ.

ಮಗ್ದಲಿ ಬಿಕ್ಕಿ ಬಿಕ್ಕಿ ಅತ್ತಳು. ಆಗ ಮನೆಯ ನಡುಗಂಬ ಮಾತಾಡಿತು: "ಅಳಬೇಡ ಮಗು. ನನ್ನ ಮೊದಲ ಕ್ರಿಸ್ಮಸ್‌ಗೆ ನಾನು ಹೇಗಿದ್ದೆನೋ ಹಾಗೆ ಸಿಂಗರಿಸು. ಬಿದಿರಿನ ನಕ್ಷತ್ರ, ಕೆಮ್ಮಣ್ಣಿನ ಗೋಡೆ, ರಾಗಿ ಪೈರಿನ ಹಸಿರು. ಆಮೇಲೆ ಕಟ್ಟಳೆಯಂತೆ ಕೂಸನ್ನು ಮಲಗಿಸು. ಮಾಟ ಮುರಿಯುತ್ತದೆ."

ಅವಳು ಅಂದೇ ಹೊರಟಳು. ಬಿದಿರಿನ ಮೆಳೆಯನ್ನು ನೀಲಿ ಹುಲಿಯೊಂದು ಕಾಯುತ್ತಿತ್ತು. "ನನ್ನನ್ನು ಓಟದಲ್ಲಿ ಸೋಲಿಸಿದವರಿಗೆ ಬಿದಿರು" ಎಂದಿತು. ಮಗ್ದಲಿಗೆ ಓಡುವುದು ಹೇಳಿಕೊಡಬೇಕೇ? ಹುಲಿ ಏದುಸಿರು ಬಿಡುತ್ತಾ ಕೂತಿತು. ಅವಳು ಬಿದಿರು ಹೊತ್ತು ತಂದಳು.

ಕೆಮ್ಮಣ್ಣಿನ ಗುಡ್ಡವನ್ನು ಏಳು ಹೆಡೆಯ ಹಾವು ಕಾಯುತ್ತಿತ್ತು. "ನನ್ನ ಏಳು ಹೆಡೆಗೂ ಸಿಗದೆ ಕುಣಿದವರಿಗೆ ಮಣ್ಣು" ಎಂದಿತು. ಅವಳು ಕುಣಿದ ಕುಣಿತಕ್ಕೆ ಹೆಡೆಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾದವು. ಅವಳು ಕುಕ್ಕೆ ತುಂಬ ಮಣ್ಣು ತಂದಳು.

ಇಷ್ಟೆಲ್ಲ ಆಗುವಾಗ ಕ್ರಿಸ್ಮಸ್ ಹತ್ತಿರ ಬಂದಿತ್ತು. ಬೊಂಬೆಗಳು ಒಣಗಿ ಬಿಳಿಚಿಕೊಂಡಿದ್ದವು.

"ರಾಗಿಯನ್ನು ತಟ್ಟೆಯ ಮಣ್ಣಿನಲ್ಲಿ ಬಿತ್ತಿ ಬುಟ್ಟಿ ಮುಚ್ಚು. ಕಂಡಿಗಳಿಂದ ನೀರು ಚಿಮುಕಿಸು. ಮುನ್ನಾದಿನದ ತನಕ ತೆರೆಯಬೇಡ" ಎಂದಿತು ಕಂಬ.

"ಇದನ್ನ ಕಾಯೋ ಪ್ರಾಣಿ ಯಾವುದು?"

"ನೀನೇ."

ಮಗ್ದಲಿ ಬಿತ್ತಿದಳು. ಬಿತ್ತಿದ ಸಂಜೆಯೇ ಬುಟ್ಟಿ ಎತ್ತಿ ನೋಡಿದಳು. ಬೆಳಿಗ್ಗೆ ನೋಡಿದಳು, ಬೆರಳಿನಿಂದ ಕೆದಕಿ ನೋಡಿದಳು. ಬೀಜವೆಲ್ಲ ಕಪ್ಪಾಗಿ ಕೊಳೆಯಿತು. ಮನೆಯಲ್ಲಿ ಉಳಿದಿದ್ದದ್ದು ಇನ್ನೊಂದೇ ಹಿಡಿ ರಾಗಿ.

ಅದನ್ನು ಬಿತ್ತಿ ಬುಟ್ಟಿ ಮುಚ್ಚಿದಳು. ಎತ್ತಿನ ಹಗ್ಗ ತಂದು ಒಂದು ತುದಿಯನ್ನು ನಡುಗಂಬಕ್ಕೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಳು. ನೀರು ಚಿಮುಕಿಸಬಹುದಿತ್ತು, ಬುಟ್ಟಿ ಮುಟ್ಟುವಂತಿರಲಿಲ್ಲ. ಮುಳ್ಳಿನ ಮೇಲೆ ಕೂತಂತೆ ಕೂತಳು. ಕಾಲು ಜುಂ ಎನ್ನುತ್ತಿತ್ತು. ಕಿಟಕಿಯಾಚೆ ಥಳಕಪ್ಪನ ದನಿ, "ಒಣಗಿ ಹೋಯ್ತಂತೆ, ಒಂದು ಸಲ ನೋಡಬಾರದೇ?" ಎನ್ನುತ್ತಿತ್ತು. ಅವಳು ಅವ್ವನ ಬೊಂಬೆಯ ಧೂಳು ಒರೆಸುತ್ತಾ, "ಕೂತಿದೀನಿ ಕಣವ್ವಾ, ಕೂತೇ ಇದೀನಿ" ಎಂದು ಅಳುತ್ತಾ ಹೇಳುತ್ತಿದ್ದಳು.

ಮುನ್ನಾದಿನ ಹಗ್ಗ ಬಿಚ್ಚಿ ಬುಟ್ಟಿ ಎತ್ತಿದಳು. ಒಳಗೆ ಬೆರಳುದ್ದದ ಎಳೆ ಹಸಿರು ನಿಂತಿತ್ತು.

ಅವಳು ಥಳಕಿನ ತೋರಣಗಳನ್ನು ಇಳಿಸಿದಳು. ಅವು ಮತ್ತೆ ಗೋಡೆ ಹತ್ತಿದವು. ಕೆಮ್ಮಣ್ಣು ಸಾರಿಸಿದ ಮೇಲೆ ಹಿಡಿತ ಸಿಗದೆ ಉದುರಿಬಿದ್ದವು. ಬಿದಿರಿನ ನಕ್ಷತ್ರ ಕಟ್ಟಿ ಒಳಗೆ ಎಣ್ಣೆದೀಪ ಇಟ್ಟಳು. ಗೋದಲಿಯ ಸುತ್ತ ರಾಗಿ ಹಸಿರು ಹರಡಿದಳು. ಮನೆ ದೀರ್ಘವಾಗಿ ಉಸಿರಾಡಿತು.

ಇನ್ನೂ ಮಬ್ಬಿರುವಾಗ "ಢಣ್, ಢಣ್" ಎಂದು ಗಂಟೆ ಕೇಳಿಸಿತು. ಕೋಳಿಯೂ ಕೂಗಿತು. ಹೊಸ್ತಿಲ ಬಳಿ ಮೂಟೆ ಬಿಚ್ಚಿಕೊಂಡು ಥಳಕಪ್ಪ ನಿಂತಿದ್ದ. ಅವ್ವನ ಬೊಂಬೆಯ ಕೆನ್ನೆಯಲ್ಲಿ ಸಣ್ಣ ಬಿರುಕು ಮೂಡಿತು. ಕೂಸನ್ನು ಹಿಡಿದ ಮಗ್ದಲಿಯ ಕೈ ಹುಲ್ಲಿನ ತನಕ ಹೋಯಿತು.

ಬೊಂಬೆಯ ಕಡೆಯಿಂದ ಅವ್ವನದೇ ದನಿ ಕೇಳಿಸಿತು: "ಬೇಗ ಮಲಗಿಸೇ ಮಗಳೇ! ಬೇಗ, ಬೇಗ!"

ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವ್ವ ಅವಳಿಗೆ ಒಂದು ದಿನವೂ "ಬೇಗ" ಎಂದಿರಲಿಲ್ಲ.

ಅವಳು ಕೊಟ್ಟಿಗೆಯ ಕಡೆ ತಿರುಗಿದಳು. ಎತ್ತುಗಳು ಮಲಗಿಯೇ ಇದ್ದವು, ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು.

"ನಾನು ತಡ್ಕೋತೀನಿ" ಎಂದಳು. ಬಿರುಕು ದೊಡ್ಡದಾಯಿತು. ಥಳಕಪ್ಪ ಕಿರುಚಿದ, ಕಾಲು ಕುಟ್ಟಿದ. ಅವಳು ಕೂಸನ್ನು ಎದೆಗವಚಿಕೊಂಡು ಎತ್ತುಗಳನ್ನೇ ನೋಡುತ್ತಾ ನಿಂತಳು.

ಆಗ ದೂರದಿಂದ, ತಣ್ಣಗೆ, ಚರ್ಚಿನ ನಿಜವಾದ ಗಂಟೆಯ ದನಿ ಬಂತು. ಮೊದಲು ಒಂದು ಎತ್ತು ಮೊಣಕಾಲೂರಿ ಎದ್ದಿತು. ಆಮೇಲೆ ಇನ್ನೊಂದು. ಮಗ್ದಲಿ ಕೂಸನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದಳು.

ಥಳಕಪ್ಪ ಒಂದು ಎಳೆ ಹರಕು ಜರಿಯಾಗಿ ಹೊಸ್ತಿಲ ಮೇಲೆ ಬಿದ್ದ. ಎತ್ತೊಂದು ಅದನ್ನು ಮೂಸಿ, ತಿನ್ನಲು ಲಾಯಕ್ಕಿಲ್ಲವೆಂದು ಬಿಟ್ಟಿತು. ಅವನ ಅರಮನೆಯ ಬೊಂಬೆಗಳೆಲ್ಲ ಮನುಷ್ಯರಾಗಿ ತಮ್ಮ ತಮ್ಮ ಊರಿಗೆ ಹೊರಟರು. ತಾತ ಕೆಮ್ಮುತ್ತಾ ಎದ್ದು ತನ್ನ ಕೋಲು ಹುಡುಕಿದ. ಅವ್ವ ಕಣ್ಣುಜ್ಜಿಕೊಂಡು ಮೊದಲು ಕೇಳಿದ್ದೇ ಇದು:

"ಎತ್ತು ಎದ್ದವೇನೇ?"

"ಎದ್ದವು ಕಣವ್ವಾ" ಎಂದು ಮಗ್ದಲಿ ಅವಳನ್ನು ತಬ್ಬಿಕೊಂಡಳು.

ಅಂದಿನಿಂದ ಹೊನ್ನಕಣದಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಅವ್ವನ ಕೆನ್ನೆಯಲ್ಲಿ ಒಂದು ಸಣ್ಣ ಗೆರೆ ಮಾತ್ರ ಉಳಿಯಿತು. ಪ್ರತಿ ವರ್ಷ ರಾಗಿಗೆ ಬುಟ್ಟಿ ಮುಚ್ಚುವಾಗ ಮಗ್ದಲಿ ಆ ಗೆರೆಯನ್ನೊಮ್ಮೆ ಮುಟ್ಟುತ್ತಿದ್ದಳು, ಹಗ್ಗ ಬೇಕಾಗುತ್ತಿರಲಿಲ್ಲ.